ಮಳೆ ರಜೆಯ ಎರಡು ಪೋಸ್ಟ್

ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಮೇಷ್ಟ್ರು. ಆ ಜುಲೈನಲ್ಲಿ ಮೂರು ದಿನ ಮಳೆ ರಜೆ ಕೊಟ್ಟಿದ್ದರು. ನಮ್ಮ ಕಡೆ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಹುಡುಗರು ಛತ್ರಿ ಹಿಡಿದು ಗುಡ್ಡ ಹತ್ತುತ್ತಾರೆ. ಹಾಗೆ ಹತ್ತಿದ ಎಂಟನೇ ಕ್ಲಾಸಿನ ಹುಡುಗನೊಬ್ಬ ಇನ್‌ಸ್ಟಾಗ್ರಾಮಿಗೆ ಎರಡು ಪೋಸ್ಟ್ ಹಾಕಿದ.

ಒಂದರಲ್ಲಿ ನಾನಿದ್ದೆ. ಗೊರಬು (ಮಳೆಗೆ ಬೆನ್ನ ಮೇಲೆ ಹೊದೆಯುವ ಎಲೆಯ ಹೊದಿಕೆ) ಹೊದ್ದು ನಾಟಿ ಮಾಡುವ ಹೆಂಗಸಿಗೆ ನನ್ನ ಮುಖ ಅಂಟಿಸಿ, ‘ರಜೆ ಇಲ್ಲ, ಈಜಿಕೊಂಡು ಬನ್ನಿ’ ಎಂದು ಬರೆದಿದ್ದ. ಇನ್ನೊಂದರಲ್ಲಿ ಅವನದೇ ಕ್ಲಾಸಿನ ಹುಡುಗಿ, ಅಪ್ಪನ ಜೊತೆ. ಅವರು ಅಡಿಕೆ ಮರ ಹತ್ತಿ ಕೊಳೆರೋಗಕ್ಕೆ ಬೋರ್ಡೋ ಎಂಬ ನೀಲಿ ಔಷಧಿ ಹೊಡೆಯುವವರು. ಅಂಗಿ ತುಂಬಾ ನೀಲಿ ಕಲೆ. ಕೆಳಗೆ ಬರೆದಿದ್ದ ಮಾತನ್ನು ಇಲ್ಲಿ ಹೇಳಲಾರೆ. ನಗುವ ಇಮೋಜಿ ಹಾಕಿದವರಲ್ಲಿ ಹೆಚ್ಚಿನವರು ನಮ್ಮ ಮಕ್ಕಳೇ.

ನನಗೆ ಮೊದಲು ಸಿಟ್ಟು ಬಂದದ್ದು ಯಾವುದಕ್ಕೆ ಗೊತ್ತಾ? ಗೊರಬಿಗೆ. ಶಾಲೆ ಶುರುವಾದ ದಿನ ಪ್ರೇಯರ್‌ನಲ್ಲಿ ಹುಡುಗನನ್ನು ಎಲ್ಲರ ಮುಂದೆ ನಿಲ್ಲಿಸಿದೆ. ಟಿಸಿ ಕೊಡ್ತೀನಿ ಎಂದು ಕೂಗಾಡಿದೆ. ಎರಡೂ ತಪ್ಪು. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸು ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ. 17ನೇ ಸೆಕ್ಷನ್ ಪ್ರಕಾರ ಹೊಡೆಯುವುದಷ್ಟೇ ಅಲ್ಲ, ಮಾನಸಿಕ ಹಿಂಸೆ ಕೊಡುವ ಹಾಗೂ ಇಲ್ಲ. ಗೊತ್ತಿದ್ದೂ ಬಾಯಿ ಬಿಟ್ಟಿದ್ದೆ.

ಮಧ್ಯಾಹ್ನವೇ ಹುಡುಗನ ಅಪ್ಪ ಬಂದರು. “ಮೇಷ್ಟ್ರೇ, ಮೊಬೈಲ್ ನಂದು, ರಜೆ ಸರ್ಕಾರದ್ದು. ಗುಡ್ಡದ ಮೇಲೆ ಮಾಡಿದ್ದಕ್ಕೆ ನಿಮ್ದೇನು ಕಾರುಬಾರು?”

ಸುಮ್ನೆ ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ಅಮೆರಿಕದಲ್ಲಿ ಇದು ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಹುಡುಗಿಯೊಬ್ಬಳು ರಜಾದಿನ ಸ್ನ್ಯಾಪ್‌ಚಾಟ್‌ನಲ್ಲಿ ಶಾಲೆಯನ್ನು ಕೆಟ್ಟದಾಗಿ ಬೈದಳು. ಶಾಲೆ ಅವಳನ್ನು ಚಿಯರ್‌ಲೀಡಿಂಗ್ ತಂಡದಿಂದ ಒಂದು ವರ್ಷ ಹೊರಗಿಟ್ಟಿತು. 2021ರಲ್ಲಿ ಕೋರ್ಟು 8–1ರಿಂದ ಹುಡುಗಿಯ ಪರ ನಿಂತಿತು. ಆದರೆ ಒಬ್ಬರನ್ನೇ ಹಿಡಿದು ಕಾಡಿದರೆ, ಬೆದರಿಸಿದರೆ ಶಾಲೆ ಕೈಹಾಕಬಹುದು ಎಂದೂ ಹೇಳಿತು. ಆ ತೀರ್ಪಿಗೂ ನಮ್ಮ ಶಾಲೆಗೂ ಸಂಬಂಧವಿಲ್ಲ. ಗೆರೆ ಎಲ್ಲಿ ಎಳೆಯಬೇಕು ಎಂದು ನನಗೆ ಹೊಳೆದದ್ದು ಮಾತ್ರ ಅದರಿಂದಲೇ.

ಗೊರಬನ್ನು ಅಲ್ಲಿಗೇ ಬಿಟ್ಟೆ. ಮೇಷ್ಟ್ರನ್ನು ನೋಡಿ ಮಕ್ಕಳು ನಗುವುದು ಹೊಸದಲ್ಲ, ಅಲ್ವಾ? ಪ್ರೇಯರ್‌ನಲ್ಲಿ ನಿಲ್ಲಿಸಿದ್ದು ತಪ್ಪಾಯ್ತು ಎಂದೂ ಆ ಅಪ್ಪನಿಗೆ ಹೇಳಿದೆ. ಆಮೇಲೆ ಹಾಜರಿ ಪುಸ್ತಕ ತೆಗೆದಿಟ್ಟೆ. ಹುಡುಗಿ ಅವತ್ತು ಬಂದಿರಲಿಲ್ಲ. ಮುಂದೆ ಮೂರು ದಿನವೂ ಬರಲಿಲ್ಲ. “ಗುಡ್ಡದ್ದು ಇಲ್ಲಿಗೆ ಬಂದಿದೆ ನೋಡಿ. ಇದು ನನ್ನ ಕಾರುಬಾರು” ಎಂದೆ. ಅವರು ಮಾತಾಡಲಿಲ್ಲ.

ಸ್ಕ್ರೀನ್‌ಶಾಟ್ ಒಂದೇ ಫೋನಿನಲ್ಲಿ ಉಳಿಸಿಕೊಂಡು ಪೋಸ್ಟ್ ಅಳಿಸಿಸಿದೆ. ನಮ್ಮ ಟೀಚರುಗಳ ವಾಟ್ಸಾಪ್ ಗ್ರೂಪಿನಲ್ಲೇ ಅದು ಓಡಾಡುತ್ತಿತ್ತು, ನಾಚಿಕೆಗೇಡು. ಅಲ್ಲೂ ಅಳಿಸಿಸಿದೆ. ಫೋಟೋ ಅಶ್ಲೀಲವಾಗಿದ್ದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ಹೇಳಲೇಬೇಕಿತ್ತು, ಶಾಲೆಯೊಳಗೆ ಮುಗಿಸುವ ಹಾಗಿರಲಿಲ್ಲ. ಇದು ಹಾಗಿರಲಿಲ್ಲ.

ನಮ್ಮ ಕನ್ನಡ ಮೇಡಂ ಜೊತೆ ಹುಡುಗಿಯ ಮನೆಗೆ ಹೋದೆ. ಕ್ಷಮೆ ಕೇಳಿಸುವುದು ನನ್ನ ಲೆಕ್ಕಾಚಾರ. ಅವಳಿಗೆ ಅದು ಬೇಡವಾಗಿತ್ತು. “ಅವ್ನು ಇರ್ಲಿ ಸರ್. ನಕ್ಕೋರು ಯಾರ್ಯಾರು?” ಎಂದಳು. ನಾನು ಹೆಸರು ಹೇಳಲಿಲ್ಲ. ಆದರೆ ನಕ್ಕವರನ್ನೆಲ್ಲ ಇಬ್ಬಿಬ್ಬರಂತೆ ಕೂರಿಸಿ ಮಾತಾಡಿಸಿದೆ. ಅದಕ್ಕೇ ಎರಡು ವಾರ ಹಿಡಿಯಿತು, ಜಾಸ್ತಿ ಕೆಲಸ ಅದೇ. ಕೆಲವರಿಗೆ ತಾಗಿತು, ಕೆಲವರಿಗೆ ಇಲ್ಲ. ಹುಡುಗಿ ಐದನೇ ದಿನ ಬಂದಳು, ಬೆಂಚು ಬದಲಿಸಿ ಕೂತಳು.

ಆಗಸ್ಟಿನಲ್ಲಿ ಹುಡುಗನ ಅಪ್ಪ ಮತ್ತೆ ಬಂದರು. ಅವರ ತೋಟಕ್ಕೆ ಎರಡನೇ ಸುತ್ತು ಬೋರ್ಡೋ ಹೊಡೆಯಬೇಕು. ಹುಡುಗಿಯ ಅಪ್ಪ ಬರಲ್ಲ ಎಂದಿದ್ದಾರಂತೆ. ಬೇರೆ ಯಾರೂ ಸಿಗುತ್ತಿಲ್ಲ. “ನೀವೊಂದು ಮಾತು ಹೇಳಿ ಮೇಷ್ಟ್ರೇ.”

ಅದು ನನ್ನ ಕಾರುಬಾರಲ್ಲ ಎಂದೆ.