ಹಲಗೆಯಿಂದ ಹಾಡಿನವರೆಗೆ: ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ಮಾಡಿ, ಮನೆಯಲ್ಲೇ ರೆಕಾರ್ಡ್ ಮಾಡಿ

ಎಲೆಕ್ಟ್ರಿಕ್ ಗಿಟಾರ್ ಕಟ್ಟಬೇಕು ಅಂದುಕೊಂಡವರು ಮೊದಲು ಕೇಳುವುದು ಮರದ ಬಗ್ಗೆ. ಯಾವ ಮರ, ಎಲ್ಲಿ ಸಿಗುತ್ತದೆ, ಎಷ್ಟು ಹಳೆಯದಿರಬೇಕು ಅಂತ. ಮರದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ಗಿಟಾರ್ ಚೆನ್ನಾಗಿಯೇ ನುಡಿಯುತ್ತದೆ. ಆದರೆ ಬಾಡಿಯ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಡ್ಜ್ ಒಂದು ಸೆಂಟಿಮೀಟರ್ ಅತ್ತಿತ್ತ ಕೂತರೆ, ಎಂಥಾ ಮರವಾದರೂ ಶ್ರುತಿ ಸೇರುವುದಿಲ್ಲ. ಅದಕ್ಕೇ ಈ ಲೇಖನದಲ್ಲಿ ಅಳತೆಯ ಮಾತು ಜಾಸ್ತಿ.

ಮೊದಲ ಗಿಟಾರಿಗೆ ಟೆಲಿಕ್ಯಾಸ್ಟರ್ ಮಾದರಿ ಆರಿಸಿಕೊಳ್ಳಿ. ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು. ಅವರು 1950ರಲ್ಲಿ ಮಾರುಕಟ್ಟೆಗೆ ತಂದ ಈ ವಿನ್ಯಾಸಕ್ಕೆ 1951ರಲ್ಲಿ ಟೆಲಿಕ್ಯಾಸ್ಟರ್ ಅಂತ ಹೆಸರು ಬಂತು. ಚಪ್ಪಟೆ ಹಲಗೆಯ ಬಾಡಿ, ನಾಲ್ಕು ಸ್ಕ್ರೂ ಹಾಕಿ ಕೂರಿಸುವ ನೆಕ್, ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಎರಡು ಪಿಕಪ್, ಒಂದು ಸ್ವಿಚ್, ಎರಡು ನಾಬ್. ಬಾಗಿದ ಮೈ ಇಲ್ಲ, ಅಂಟು ಹಾಕಿದ ನೆಕ್ ಇಲ್ಲ. ಏನಾದರೂ ಎಡವಟ್ಟಾದರೆ ಬಿಚ್ಚಿ ಮತ್ತೆ ಜೋಡಿಸಬಹುದು.

ನೆಕ್ ಮಾತ್ರ ಮೊದಲ ಸಲ ರೆಡಿಮೇಡ್ ತಗೊಳ್ಳಿ. ಇದು ಸೋಮಾರಿತನವಲ್ಲ. ಫ್ರೆಟ್‌ಗಳ, ಅಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳ ಲೆಕ್ಕ ತುಂಬಾ ಬಿಗಿ. ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ ನಟ್, ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು ಸ್ಯಾಡಲ್. ನಟ್‌ನಿಂದ ಸ್ಯಾಡಲ್‌ವರೆಗಿನ ಉದ್ದಕ್ಕೆ ಸ್ಕೇಲ್ ಲೆಂಗ್ತ್ ಎನ್ನುತ್ತಾರೆ. ಟೆಲಿಕ್ಯಾಸ್ಟರ್‌ನಲ್ಲಿ ಅದು 25.5 ಇಂಚು, ಅಂದರೆ ಸುಮಾರು 648 ಮಿಲಿಮೀಟರ್. ಅದನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್‌ನ ದೂರ 36.37 ಮಿಲಿಮೀಟರ್ ಬರುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೇ ಫ್ರೆಟ್. ಹೀಗೆ ಹೋಗುತ್ತಾ 12ನೇ ಫ್ರೆಟ್ ಸರಿಯಾಗಿ ಅರ್ಧಕ್ಕೆ, 324 ಮಿಲಿಮೀಟರಿಗೆ ಬರುತ್ತದೆ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಮೇಳ ಕಟ್ಟುವವರು ಕಿವಿಯಿಂದ ಕೇಳಿ ಸರಿಸಿ ಸರಿಸಿ ಕೂರಿಸುತ್ತಾರೆ. ಗಿಟಾರ್ ಫ್ರೆಟ್‌ಗೆ ಆ ಅನುಕೂಲವಿಲ್ಲ. ಗರಗಸದ ಗೀರು ಬಿದ್ದ ಮೇಲೆ ಮುಗೀತು. ಕೊಳ್ಳುವಾಗ ಎರಡು ಅಳತೆ ನೋಡಿಕೊಳ್ಳಿ: ಸ್ಕೇಲ್ 25.5 ಇಂಚು ಇರಬೇಕು, ಬಾಡಿಗೆ ಸೇರುವ ಬುಡದ ಅಗಲ 56 ಮಿಲಿಮೀಟರ್ ಆಸುಪಾಸು ಇರಬೇಕು.

ಇನ್ನು ಮರ. ಬಾಡಿಗೆ 44-45 ಮಿಲಿಮೀಟರ್ ದಪ್ಪದ, ಸುಮಾರು 45 ಸೆಂಟಿಮೀಟರ್ ಉದ್ದ, 35 ಸೆಂಟಿಮೀಟರ್ ಅಗಲದ ಹಲಗೆ ಸಾಕು. ಒಂದೇ ತುಂಡು ಸಿಗದಿದ್ದರೆ ಎರಡನ್ನು ಫೆವಿಕಾಲ್ ಹಾಕಿ ಕ್ಲ್ಯಾಂಪ್ ಮಾಡಿ, ಒಂದು ದಿನ ಮುಟ್ಟದೆ ಬಿಡಿ. ಜೋಡಿಸುವ ಅಂಚುಗಳನ್ನು ಅಂಟು ಹಚ್ಚುವ ಮೊದಲೇ ಒತ್ತಿ ಹಿಡಿದು ಬೆಳಕಿಗೆ ನೋಡಿ. ನಡುವೆ ಬೆಳಕು ಕಂಡರೆ ಇನ್ನೂ ತೋಪಡಾ ಹೊಡೆಯಬೇಕು. ಮಹಾಗನಿ, ಸಿಲ್ವರ್ ಓಕ್, ಟೂನ್ ಎಲ್ಲವೂ ನಡೆಯುತ್ತವೆ. ವೀಣೆಗೆ ಬಳಸುವ ಹಲಸು ಕೂಡ ಆಗುತ್ತದೆ. ತೇಗ ಬೇಡ. ಭಾರ ಜಾಸ್ತಿ, ಎಣ್ಣೆ ಅಂಶ ಇರುವುದರಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಯಾವ ಮರವಾದರೂ ಚೆನ್ನಾಗಿ ಒಣಗಿರಬೇಕು, ಅಷ್ಟೇ ಷರತ್ತು. ಇನ್ನು ನೆಕ್ ಮೇಲಿನ ಫಿಂಗರ್‌ಬೋರ್ಡ್‌ಗೆ ಪ್ರಪಂಚದ ಎಷ್ಟೋ ದೊಡ್ಡ ಕಂಪನಿಗಳು ಬಳಸುವುದು ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆಯನ್ನು. ಮುಂದೆ ನೆಕ್ ಕೂಡ ನೀವೇ ಮಾಡುವ ಮನಸ್ಸಾದರೆ ಬೀಟೆಯನ್ನು ಬಿಲ್ ಇಲ್ಲದೆ ತರಬೇಡಿ. ಅದನ್ನು ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಮರದ ಬಗ್ಗೆ ಇನ್ನೂ ಅನುಮಾನ ಇದ್ದರೆ ಬ್ರಿಟನ್ನಿನ ರಾಕ್ ತಂಡ ಕ್ವೀನ್‌ನ ಗಿಟಾರ್ ವಾದಕ ಬ್ರಿಯಾನ್ ಮೇ ಅವರ ಗಿಟಾರ್ ನೆನಪಿಸಿಕೊಳ್ಳಿ. ಲಂಡನ್ ಪಕ್ಕದ ಫೆಲ್ಥಮ್‌ನಲ್ಲಿ 1963ರಲ್ಲಿ, ಇನ್ನೂ ಹದಿಹರೆಯದ ಹುಡುಗನಾಗಿದ್ದಾಗ, ಅಪ್ಪ ಹೆರಾಲ್ಡ್ ಜೊತೆ ಸೇರಿ ಅದನ್ನು ಕಟ್ಟಲು ಶುರು ಮಾಡಿದರು. ನೆಕ್‌ಗೆ ಹಳೆಯ ಬೆಂಕಿಗೂಡಿನ ಹಲಗೆ, ಸ್ವರ ಬಾಗಿಸುವ ಟ್ರೆಮೊಲೊಗೆ ಮೋಟಾರ್‌ಸೈಕಲ್‌ನ ವಾಲ್ವ್ ಸ್ಪ್ರಿಂಗ್, ಫ್ರೆಟ್‌ಬೋರ್ಡಿನ ಚುಕ್ಕೆಗಳಿಗೆ ಅಮ್ಮನ ಹೊಲಿಗೆ ಡಬ್ಬದ ಮುತ್ತಿನ ಗುಂಡಿ. ಬಾಡಿಯ ಬಹುಭಾಗ ಬ್ಲಾಕ್‌ಬೋರ್ಡ್, ಅಂದರೆ ನಮ್ಮ ಕಪಾಟಿಗೆ ಬಳಸುವಂಥ ಹಲಗೆ. ಕ್ವೀನ್ ತಂಡದಲ್ಲಿ ಅವರು ಬಹುಪಾಲು ನುಡಿಸಿದ್ದು ಅದನ್ನೇ. ಅಪ್ಪ ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಅಳತೆಯಲ್ಲಿ ಅಪ್ಪ ಮಗ ಇಬ್ಬರೂ ರಾಜಿ ಮಾಡಿಕೊಳ್ಳಲಿಲ್ಲ.

ಕೊರೆಯುವ ಕೆಲಸ

ಟೆಲಿಕ್ಯಾಸ್ಟರ್ ನಕ್ಷೆಯನ್ನು ನಿಜ ಅಳತೆಯಲ್ಲಿ ಪ್ರಿಂಟ್ ಹಾಕಿಸಿ, 12 ಮಿಲಿಮೀಟರ್ ಎಂಡಿಎಫ್ ಮೇಲೆ ಅಂಟಿಸಿ ಟೆಂಪ್ಲೇಟ್ ಕತ್ತರಿಸಿ. ಹಲಗೆಯ ನಡುವೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಮುಂದಿನ ಎಲ್ಲ ಕೆಲಸವೂ ಈ ಗೆರೆಯ ಲೆಕ್ಕದಲ್ಲೇ. ಹೊರ ಆಕಾರವನ್ನು ಜಿಗ್‌ಸಾದಿಂದ ಗೆರೆಯಿಂದ ಎರಡು ಮೂರು ಮಿಲಿಮೀಟರ್ ಹೊರಗೆ ಕತ್ತರಿಸಿ, ಉಳಿದದ್ದನ್ನು ಬೇರಿಂಗ್ ಬಿಟ್ ಹಾಕಿದ ರೌಟರ್‌ನಿಂದ (ಮರ ಕೊರೆಯುವ ಕೈಯಂತ್ರ) ಸವರಿ. ಒಂದು ಸಲಕ್ಕೆ ಮೂರು ನಾಲ್ಕು ಮಿಲಿಮೀಟರ್ ಆಳಕ್ಕಿಂತ ಜಾಸ್ತಿ ಬೇಡ. ರೌಟರ್ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಯಂತ್ರ. ಕನ್ನಡಕ, ಮಾಸ್ಕ್, ಕಿವಿಗೆ ರಕ್ಷಣೆ ಇಲ್ಲದೆ ಸ್ವಿಚ್ ಒತ್ತಬೇಡಿ. ಹಲಗೆಯನ್ನು ಕೈಯಲ್ಲಿ ಹಿಡಿದು ರೌಟ್ ಮಾಡುವುದಂತೂ ಬೇಡವೇ ಬೇಡ. ರೌಟರ್ ಇಲ್ಲ, ಭಯ ಆಗುತ್ತದೆ ಅನ್ನುವವರಿಗೂ ದಾರಿಯಿದೆ. ಬಾಗಿಲು, ದೇವರಮನೆಗೆ ಡಿಸೈನ್ ಕೆತ್ತುವ ಸಿಎನ್‌ಸಿ ಅಂಗಡಿಗಳು ಈಗ ಸಣ್ಣ ಊರುಗಳಲ್ಲೂ ಇವೆ. ನಕ್ಷೆಯ ಫೈಲ್ ಕೊಟ್ಟರೆ ಬಾಡಿ ಕೊರೆದು ಕೊಡುತ್ತಾರೆ.

ನೆಕ್ ಕೂರುವ ಗುಂಡಿಗೆ ನಿಧಾನ ಮಾಡಿ. ಆಳ 16 ಮಿಲಿಮೀಟರ್, ತಳ ಸಮತಟ್ಟು. ಅಗಲವನ್ನು ನಕ್ಷೆಯಿಂದ ತಗೊಳ್ಳಬೇಡಿ, ನಿಮ್ಮ ಕೈಯಲ್ಲಿರುವ ನೆಕ್‌ನಿಂದಲೇ ತಗೊಳ್ಳಿ. ಸ್ಕ್ರೂ ಇಲ್ಲದೆಯೇ ನೆಕ್ ಗುಂಡಿಯಲ್ಲಿ ಬಿಗಿಯಾಗಿ ಕೂರಬೇಕು. ಅದೇ ಸರಿಯಾದ ಫಿಟ್ಟಿಂಗ್.

ಬ್ರಿಡ್ಜ್ ಎಲ್ಲಿ ಅನ್ನುವುದು ನೆಕ್ ಕೂತ ಮೇಲಷ್ಟೇ ತೀರ್ಮಾನ. ನಟ್‌ನ ಅಂಚಿನಿಂದ 12ನೇ ಫ್ರೆಟ್‌ನ ನಡುವಿನವರೆಗೆ ಅಳೆಯಿರಿ, 324 ಮಿಲಿಮೀಟರ್ ಬರಬೇಕು. ಅಲ್ಲಿಂದ ಮತ್ತೆ ಅಷ್ಟೇ ದೂರಕ್ಕೆ ಗುರುತು ಹಾಕಿ. ಬ್ರಿಡ್ಜ್‌ನ ತೆಳು ಇ ತಂತಿಯ ಸ್ಯಾಡಲ್ ಅನ್ನು ಮುಂದಕ್ಕೆ ತಂದು, ಇನ್ನೊಂದೆರಡು ಮಿಲಿಮೀಟರ್ ಮುಂದೆ ಹೋಗಲು ಜಾಗ ಬಿಟ್ಟು, ತಂತಿ ಕೂರುವ ತುದಿ ಆ ಗುರುತಿನ ಮೇಲೆ ಬರುವಂತೆ ಇಡಿ. ದಪ್ಪ ತಂತಿಗಳಿಗೆ ಉದ್ದ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಅವುಗಳ ಸ್ಯಾಡಲ್ ಹಿಂದಕ್ಕೆ ಸರಿಯಲು ಜಾಗ ಇದೆಯಾ ನೋಡಿ. ಈಗ ಎರಡು ಉದ್ದ ದಾರ ತಗೊಂಡು ನಟ್‌ನ ಎರಡೂ ತುದಿಯಲ್ಲಿ ತಂತಿ ಕೂರುವ ಗೀರಿನಿಂದ ಬ್ರಿಡ್ಜ್‌ವರೆಗೆ ಎಳೆದು ಕಟ್ಟಿ. ಕೊನೆಯ ಫ್ರೆಟ್‌ನ ಹತ್ತಿರ ಎರಡೂ ಕಡೆ ದಾರಕ್ಕೂ ಫಿಂಗರ್‌ಬೋರ್ಡ್ ಅಂಚಿಗೂ ನಡುವಿನ ಜಾಗ ಒಂದೇ ಇರಬೇಕು. ಒಂದು ಕಡೆ ಕಮ್ಮಿ ಇದ್ದರೆ ನುಡಿಸುವಾಗ ತಂತಿ ಅಂಚಿನಿಂದ ಜಾರುತ್ತದೆ. ಎರಡೂ ಸಮ ಅನಿಸಿದ ಮೇಲೆ ಮಾತ್ರ ತೂತು ಕೊರೆಯಿರಿ. ಸ್ಕ್ರೂಗಿಂತ ಸಣ್ಣ ಪೈಲಟ್ ತೂತು ಮೊದಲು, ಸ್ಕ್ರೂ ಎಳೆಗೆ ಸ್ವಲ್ಪ ಮೇಣದಬತ್ತಿ ಉಜ್ಜಿ ಆಮೇಲೆ ತಿರುಗಿಸಿ. ಇಲ್ಲದಿದ್ದರೆ ಗಟ್ಟಿ ಮರದಲ್ಲಿ ಸ್ಕ್ರೂ ತಲೆ ಮುರಿದು ಒಳಗೇ ಉಳಿಯುತ್ತದೆ.

ಬಣ್ಣಕ್ಕೆ ಆಯಿಲ್ ಫಿನಿಶ್ ಸುಲಭ. ತೆಳುವಾಗಿ ಹಚ್ಚಿ, ಒರೆಸಿ, ಒಂದು ದಿನ ಬಿಟ್ಟು ಮತ್ತೆ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ. ಸ್ಪ್ರೇ ಲ್ಯಾಕರ್ ಬೇಕೇ ಬೇಕು ಅನ್ನುವವರು ಮಳೆಗಾಲ ಕಳೆಯಲಿ. ತೇವಕ್ಕೆ ಲ್ಯಾಕರ್ ಹಾಲಿನ ಹಾಗೆ ಬೆಳ್ಳಗಾಗುತ್ತದೆ.

ವೈರಿಂಗ್

ಗಿಟಾರ್ ಒಳಗೆ ಹರಿಯುವುದು ತೀರಾ ಸಣ್ಣ ಸಿಗ್ನಲ್. ಶಾಕ್ ಹೊಡೆಯುವ ಭಯವಿಲ್ಲ. ಆಂಪ್ಲಿಫೈಯರ್ ಬೇರೆ ಮಾತು. ಟ್ಯೂಬ್ ಆಂಪ್ ಒಳಗೆ ಸ್ವಿಚ್ ಆಫ್ ಮಾಡಿದ ಮೇಲೂ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು, ಅದನ್ನು ಬಿಚ್ಚಲು ಹೋಗಬೇಡಿ.

ಪಿಕಪ್‌ನಿಂದ ಸ್ವಿಚ್, ಸ್ವಿಚ್‌ನಿಂದ ವಾಲ್ಯೂಮ್, ಅಲ್ಲಿಂದ ಜ್ಯಾಕ್. ಟೆಲಿಯ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗೆ 250ಕೆ ಪಾಟ್ (ನಾಬ್ ಅಡಿಯ ಪೊಟೆನ್ಶಿಯೋಮೀಟರ್, 250 ಕಿಲೋಓಮ್), ಟೋನ್‌ಗೆ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್. ಎರಡು ಸುರುಳಿಯ ಹಂಬಕರ್ ಪಿಕಪ್ ಹಾಕುವುದಾದರೆ 500ಕೆ ಮತ್ತು 0.022. ಪಾಟ್, ಕೆಪಾಸಿಟರ್, ಜ್ಯಾಕ್ ಎಲ್ಲ ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಎಲೆಕ್ಟ್ರಾನಿಕ್ಸ್ ಬೀದಿಯಲ್ಲಿ ಸಿಗುತ್ತವೆ. ಪಾಟ್‌ನ ಬೆನ್ನಿಗೆ ಬೆಸುಗೆ ಹಾಕುವ ಮೊದಲು ಸ್ಯಾಂಡ್ ಪೇಪರ್‌ನಿಂದ ಉಜ್ಜಿ. ಆ ಲೋಹ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಹಾಗಾಗಿ ಅಲ್ಲಿಗೆ 60 ವ್ಯಾಟ್ ಐರನ್ ಬೇಕು. ಬೆಸುಗೆ ಹರಡಿ ಹೊಳೆಯಬೇಕು. ಮಂಕಾಗಿ ಗುಂಡಗೆ ಕೂತರೆ ಸಂಪರ್ಕ ಸರಿಯಿಲ್ಲ ಅಂತ ಅರ್ಥ.

ಎಲ್ಲ ಗ್ರೌಂಡ್ ವೈರ್‌ಗಳೂ ವಾಲ್ಯೂಮ್ ಪಾಟ್‌ನ ಬೆನ್ನಿಗೆ ಬರಲಿ. ಅಲ್ಲಿಂದ ಒಂದು ವೈರ್ ಬ್ರಿಡ್ಜ್‌ನ ಅಡಿಗೆ ಹೋಗಲಿ. ಇದನ್ನು ಮರೆತರೆ ಗಿಟಾರ್ ಸುಮ್ನೆ ಗುಂಯ್‌ಗುಡುತ್ತಲೇ ಇರುತ್ತದೆ. ತಂತಿ ಹಾಕುವ ಮೊದಲೇ ಮಲ್ಟಿಮೀಟರ್ ಇಟ್ಟು ನೋಡಿ: ಬ್ರಿಡ್ಜ್‌ಗೂ ಜ್ಯಾಕ್‌ನ ಹೊರಭಾಗಕ್ಕೂ ಬೀಪ್ ಬರಬೇಕು. ಆಮೇಲೆ ಆಂಪ್‌ಗೆ ಸಿಕ್ಕಿಸಿ, ಸ್ಕ್ರೂಡ್ರೈವರ್ ತುದಿಯಿಂದ ಪಿಕಪ್ ಮೆತ್ತಗೆ ತಟ್ಟಿ. ಟಕ್ ಟಕ್ ಕೇಳಿದರೆ ವೈರಿಂಗ್ ಸರಿ.

ಸೆಟಪ್

09–42 ಅಥವಾ 10–46 ದಪ್ಪದ ತಂತಿ ಸೆಟ್ ಹಾಕಿ ಇ ಎ ಡಿ ಜಿ ಬಿ ಇ ಟ್ಯೂನ್ ಮಾಡಿ. ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್ ಎರಡನ್ನೂ ಒತ್ತಿ ಹಿಡಿದು, ನಡುವೆ ಏಳು ಎಂಟನೇ ಫ್ರೆಟ್ ಹತ್ತಿರ ತಂತಿಯ ಅಡಿಯ ಸಂದು ಅಳೆಯಿರಿ. 0.2 ಮಿಲಿಮೀಟರ್ ಸಾಕು. ಅಳೆಯಲು ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜ್ ಆಗುತ್ತದೆ. ಸಂದು ಜಾಸ್ತಿ ಇದ್ದರೆ ನೆಕ್ ಒಳಗಿನ ಲೋಹದ ಕಂಬಿ, ಟ್ರಸ್ ರಾಡ್ ಬಿಗಿ ಮಾಡಿ, ಕಮ್ಮಿ ಇದ್ದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. 12ನೇ ಫ್ರೆಟ್‌ನಲ್ಲಿ ತಂತಿಯ ಎತ್ತರ ದಪ್ಪ ಇಗೆ 2 ಮಿಲಿಮೀಟರ್, ತೆಳು ಇಗೆ 1.5 ಇದ್ದರೆ ಆರಾಮ. ಕೊನೆಗೆ ಪ್ರತಿ ತಂತಿಯಲ್ಲೂ 12ನೇ ಫ್ರೆಟ್‌ನ ಹಾರ್ಮೋನಿಕ್ ಕೇಳಿ, ಅಲ್ಲೇ ಒತ್ತಿ ನುಡಿಸಿ ಹೋಲಿಸಿ. ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. 12ನೇ ಫ್ರೆಟ್‌ನಿಂದ ಅಳೆದು ಬ್ರಿಡ್ಜ್ ಕೂರಿಸಿದ್ದು ಇಲ್ಲಿ ಫಲ ಕೊಡುತ್ತದೆ.

ಈಗ ರೆಕಾರ್ಡಿಂಗ್

1940ರ ದಶಕದಲ್ಲಿ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಹಾಲಿವುಡ್‌ನ ತಮ್ಮ ಮನೆಯ ಗ್ಯಾರೇಜಿನಲ್ಲಿ ಡಿಸ್ಕ್‌ನಿಂದ ಡಿಸ್ಕ್‌ಗೆ ಒಂದರ ಮೇಲೊಂದು ಪದರ ನುಡಿಸಿ ರೆಕಾರ್ಡ್ ಮಾಡುತ್ತಿದ್ದರು. ಒಂದು ಪದರದಲ್ಲಿ ಸ್ವರ ತಪ್ಪಿದರೆ ಆ ಪದರವನ್ನು ಹೊಸ ಡಿಸ್ಕ್ ಮೇಲೆ ಮೊದಲಿಂದ ನುಡಿಸಬೇಕಿತ್ತು. ನಮಗೆ ಆ ಕಷ್ಟವಿಲ್ಲ. ಒಂದು ಲ್ಯಾಪ್‌ಟಾಪ್, ಗಿಟಾರ್ ಸಿಗ್ನಲ್ ಅನ್ನು ಅದಕ್ಕೆ ಕಳಿಸುವ ಒಂದು ಆಡಿಯೊ ಇಂಟರ್‌ಫೇಸ್, ಹೆಡ್‌ಫೋನ್ ಇದ್ದರೆ ಸಾಕು.

ಲ್ಯಾಪ್‌ಟಾಪ್‌ನ ಮೈಕ್ ತೂತಿಗೆ ನೇರ ಗಿಟಾರ್ ಸಿಕ್ಕಿಸಬೇಡಿ. ಪಿಕಪ್‌ಗೆ ಸುಮಾರು 1 ಮೆಗಾಓಮ್ ಇಂಪೀಡೆನ್ಸ್ ಇರುವ ಇನ್‌ಪುಟ್ ಬೇಕು, ಇಲ್ಲದಿದ್ದರೆ ಮೇಲಿನ ಹೊಳಪೆಲ್ಲ ಹೋಗಿ ದನಿ ಮಬ್ಬಾಗುತ್ತದೆ. ಇಂಟರ್‌ಫೇಸ್ ಮೇಲೆ 'ಇನ್ಸ್ಟ್' ಅಥವಾ 'ಹೈ-ಜೆಡ್' ಅಂತ ಬರೆದಿರುವ ಸ್ವಿಚ್ ಅದಕ್ಕೇ ಇರುವುದು. ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ರೀಪರ್ (Reaper), ಆರ್ಡರ್ (Ardour), ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್. 24 ಬಿಟ್, 48 ಕಿಲೋಹರ್ಟ್ಸ್ ಇಡಿ. ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ದನಿಯ ತುಣುಕು, 128 ಸ್ಯಾಂಪಲ್ ಇಟ್ಟರೆ ಅದರಿಂದಾಗುವ ತಡ ಒಂದು ದಿಕ್ಕಿಗೆ 2.7 ಮಿಲಿಸೆಕೆಂಡ್, ಕೈಗೆ ಗೊತ್ತಾಗುವುದಿಲ್ಲ. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ಕಂಪನಿಯ ಎಎಸ್‌ಐಒ ಡ್ರೈವರ್ ಹಾಕದಿದ್ದರೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ.

ನಿಮ್ಮಿಂದ ಆದಷ್ಟು ಜೋರಾಗಿ ಮೀಟಿ. ಮೀಟರ್ ಮೈನಸ್ 10 ಡೆಸಿಬಲ್ ಆಸುಪಾಸಿಗೆ ಬಂದು ನಿಲ್ಲುವಂತೆ ಗೇನ್ ಇಡಿ. ಕೆಂಪು ದೀಪ ಒಂದು ಸಲ ಹತ್ತಿದರೂ ಆ ಟೇಕ್ ಬಿಟ್ಟುಬಿಡಿ. ಕಮ್ಮಿ ಮಟ್ಟದಲ್ಲಿ ರೆಕಾರ್ಡ್ ಆದದ್ದನ್ನು ಆಮೇಲೆ ಏರಿಸಬಹುದು, ಒಡೆದ ದನಿಯನ್ನು ಸರಿಪಡಿಸಲು ಆಗುವುದಿಲ್ಲ.

ಗಿಟಾರ್ ಅನ್ನು ಒಣಕಲಾಗಿ, ಅಂದರೆ ಎಫೆಕ್ಟ್ ಇಲ್ಲದೆ ರೆಕಾರ್ಡ್ ಮಾಡಿ. ಆಂಪ್‌ನ ದನಿಯನ್ನು ಟ್ರ್ಯಾಕ್ ಮೇಲೆ ಸಾಫ್ಟ್‌ವೇರ್‌ನಲ್ಲಿ ಹಾಕಿ. ನ್ಯೂರಲ್ ಆಂಪ್ ಮಾಡೆಲರ್ ಉಚಿತ, ತುಂಬಾ ಚೆನ್ನಾಗಿದೆ. ಅದರ ನಂತರ ಸ್ಪೀಕರ್ ಕ್ಯಾಬಿನೆಟ್‌ನ ಇಂಪಲ್ಸ್ ರೆಸ್ಪಾನ್ಸ್ (ಸ್ಪೀಕರ್ ದನಿಯ ಗುಣವನ್ನು ಹಿಡಿದಿಟ್ಟ ಫೈಲ್) ಹಾಕಲೇಬೇಕು. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ಮೇಲಿನದ್ದನ್ನು ಬಹಳ ಮಟ್ಟಿಗೆ ಕತ್ತರಿಸುತ್ತದೆ. ಅದಿಲ್ಲದ ಡಿಸ್ಟಾರ್ಷನ್ ಕಿವಿಗೆ ಗೀಚಿದಂತೆ ಇರುತ್ತದೆ. ನಿಜವಾದ ಆಂಪ್ ಇದ್ದರೆ ಎಸ್‌ಎಂ57 ಥರದ ಮೈಕನ್ನು ಜಾಲರಿಯಿಂದ ಎರಡು ಮೂರು ಸೆಂಟಿಮೀಟರ್ ದೂರ ಇಡಿ. ಸ್ಪೀಕರ್ ನಡುವಿನ ಗುಬುಟಿನ ಅಂಚಿನಿಂದ ಶುರು ಮಾಡಿ, ಹೊರಗೆ ಸರಿಸುತ್ತಾ ಹೋದಂತೆ ದನಿ ಮೆತ್ತಗಾಗುತ್ತದೆ.

ನಮ್ಮ ಮನೆಗಳಲ್ಲಿ ದೊಡ್ಡ ಕಾಟ ಗುಂಯ್ ಶಬ್ದದ್ದು. ಸಿಂಗಲ್ ಕಾಯಿಲ್ ಪಿಕಪ್ 50 ಹರ್ಟ್ಸ್ ಕರೆಂಟನ್ನೂ ಅದರ ಮೇಲಿನ ಗುಣಕಗಳನ್ನೂ ಹಿಡಿದುಕೊಳ್ಳುತ್ತದೆ. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಡಿಮ್ಮರ್, ಅಗ್ಗದ ಎಲ್ಇಡಿ ದೀಪ ಆಫ್ ಮಾಡಿ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ. ಕೂತ ಕುರ್ಚಿಯಲ್ಲೇ ನಿಧಾನ ತಿರುಗಿ. ಯಾವುದೋ ಒಂದು ಕೋನದಲ್ಲಿ ಶಬ್ದ ಹಠಾತ್ ಇಳಿಯುತ್ತದೆ, ಅಲ್ಲೇ ಕೂತು ನುಡಿಸಿ.

ರಿದಮ್ ಭಾಗವನ್ನು ಎರಡು ಸಲ ನುಡಿಸಿ, ಒಂದನ್ನು ಎಡಕ್ಕೆ ಇನ್ನೊಂದನ್ನು ಬಲಕ್ಕೆ ಕಳಿಸಿ. ಒಂದೇ ಟೇಕ್ ಕಾಪಿ ಮಾಡಿದರೆ ಆ ಅಗಲ ಬರುವುದಿಲ್ಲ, ಎರಡು ನುಡಿಸಾಣಿಕೆಯ ನಡುವಿನ ಸಣ್ಣ ವ್ಯತ್ಯಾಸವೇ ಅದನ್ನು ತರುವುದು. ದಪ್ಪ ಇ ತಂತಿಯೇ 82 ಹರ್ಟ್ಸ್, ಹಾಗಾಗಿ 70ರ ಕೆಳಗಿನದ್ದನ್ನು ಕತ್ತರಿಸಿದರೆ ಬಾಸ್‌ಗೆ ಜಾಗ ಸಿಗುತ್ತದೆ. ಹಾಡುವುದಿದ್ದರೆ ಬಟ್ಟೆ ತುಂಬಿದ ಬೀರು ತೆರೆದು, ಹಿಂದೆ ಒಂದು ದಪ್ಪ ಕಂಬಳಿ ತೂಗುಹಾಕಿ, ನಡುವೆ ನಿಂತು ಹಾಡಿ.

ಮುಗಿದ ಮೇಲೆ ಮಿಕ್ಸ್ ಮಾಡಿದ ಫೈಲ್ ಒಂದೇ ಇಟ್ಟುಕೊಂಡರೆ ಸಾಲದು. ಒಣ ಟ್ರ್ಯಾಕ್‌ಗಳನ್ನು ವೇವ್ ಫೈಲ್ ಆಗಿ ಬೇರೆ ಡಿಸ್ಕ್‌ಗೂ ಹಾಕಿಡಿ. ಇನ್ನೆರಡು ವರ್ಷಕ್ಕೆ ಇದಕ್ಕಿಂತ ಒಳ್ಳೆಯ ಆಂಪ್ ಸಾಫ್ಟ್‌ವೇರ್ ಬಂದರೆ, ಇದೇ ನುಡಿಸಾಣಿಕೆಯನ್ನು ಅದರೊಳಗೆ ಹಾಯಿಸಿ ಹೊಸದಾಗಿ ಮಿಕ್ಸ್ ಮಾಡಬಹುದು.