ನ್ಯೂಟ್ರೋಫಿಲ್ ಕ್ಯಾಂಡಿಡಾ ನುಂಗುವುದನ್ನು ಕೊನೆಗೂ ಸರಿಯಾಗಿ ಎಣಿಸಿದೆ

ನ್ಯೂಟ್ರೋಫಿಲ್ ಅಂದರೆ ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣ, ಕ್ಯಾಂಡಿಡಾ ಒಂದು ಶಿಲೀಂಧ್ರ. ಫ್ಲೋ ಸೈಟೋಮೀಟರ್ (ಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನಲ್ಲಿ ಎಣಿಸುವ ಯಂತ್ರ) ಇಲ್ಲದೆ ಈ ಎಣಿಕೆ ಆಗಲ್ಲ ಅಂತ ನಮ್ಮ ಲ್ಯಾಬಿನಲ್ಲೇ ಮೂರು ಜನ ಹೇಳಿದ್ದರು. ಆಯಿತು. ಹಳೇ ಫ್ಲೋರೆಸೆನ್ಸ್ ಮೈಕ್ರೋಸ್ಕೋಪು, ಐಪೀಸಿಗೆ ಕಟ್ಟಿದ ಮೊಬೈಲು, ಇಷ್ಟೇ ಸಾಕಾಯಿತು.

ಮೊದಲ ನಾಲ್ಕು ತಿಂಗಳು ಬರೀ ಸೋಲು. ಬೆಳಿಗ್ಗೆ ತೆಗೆದ ರಕ್ತವನ್ನು ಐಸ್ ಮೇಲಿಟ್ಟು ಮಧ್ಯಾಹ್ನ ಕೆಲಸ ಶುರು ಮಾಡುತ್ತಿದ್ದೆ. ಈಗ ಅರ್ಧ ಗಂಟೆಯೊಳಗೆ ನ್ಯೂಟ್ರೋಫಿಲ್ ಬೇರ್ಪಡಿಸುವ ದ್ರಾವಣಗಳು: ಮೊದಲು ಡೆಕ್ಸ್‌ಟ್ರಾನ್, ಆಮೇಲೆ ಫೈಕಾಲ್, ಎಲ್ಲ ರೂಮಿನ ಬಿಸಿಯಲ್ಲೇ. ಸೆಂಟ್ರಿಫ್ಯೂಜಿನ ಬ್ರೇಕ್ ಆಫ್ ಮಾಡಲು ಎರಡು ಸಲ ಮರೆತು ಪದರಗಳೆಲ್ಲ ಕಲಸಿಹೋದವು. ತೊಳೆಯುವ ಬಫರಿನಲ್ಲಿ ಕ್ಯಾಲ್ಸಿಯಂ ಇದ್ದ ದಿನ ಕೋಶಗಳು ಒಡೆದ ಹಾಲಿನ ಹಾಗೆ ಗಂಟುಗಂಟಾದವು.

ಜಾಸ್ತಿ ದುಡ್ಡು ತಿಂದಿದ್ದು ಕಾಲೊನಿ ಎಣಿಕೆ, ಅಂದರೆ ಬದುಕುಳಿದ ಕ್ಯಾಂಡಿಡಾ ಪ್ಲೇಟಿನಲ್ಲಿ ಬೆಳೆದು ಆಗುವ ಚುಕ್ಕೆಗಳನ್ನು ಎಣಿಸುವುದು. ನ್ಯೂಟ್ರೋಫಿಲ್, ಕ್ಯಾಂಡಿಡಾ ಎರಡನ್ನೂ ಎರಡು ಗಂಟೆ ಒಟ್ಟಿಗಿಟ್ಟು, ಪಿಎಚ್ 11ರ ನೀರಿನಲ್ಲಿ ನ್ಯೂಟ್ರೋಫಿಲ್ ಒಡೆದು ಪ್ಲೇಟ್ ಮಾಡಿದರೆ ನೂರಕ್ಕೆ ಎಂಬತ್ತು ಕ್ಯಾಂಡಿಡಾ ಸತ್ತಂತೆ ಕಾಣುತ್ತಿತ್ತು. ಖುಷಿಯಲ್ಲಿ ಪೋಸ್ಟರ್ ಕೂಡ ಮಾಡಿಬಿಟ್ಟೆ. ಆಮೇಲೆ ನೋಡಿದರೆ ನ್ಯೂಟ್ರೋಫಿಲ್ ಹಾಕದ ವೆಲ್ಲಿನಲ್ಲೂ ಕಾಲೊನಿ ಅರ್ಧಕ್ಕೆ ಇಳಿದಿತ್ತು! 37 ಡಿಗ್ರಿ, ಜೊತೆಗೆ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ). ಕ್ಯಾಂಡಿಡಾ ಆಲ್ಬಿಕನ್ಸ್ ಎಳೆ ಬಿಟ್ಟು ಒಂದಕ್ಕೊಂದು ಹೆಣೆದುಕೊಳ್ಳುತ್ತದೆ ಅಲ್ವಾ? ಹತ್ತು ಜೀವಂತ ಕೋಶಗಳ ಗಂಟು ಪ್ಲೇಟಿನಲ್ಲಿ ಒಂದೇ ಕಾಲೊನಿ. ಅಷ್ಟರಲ್ಲಿ ಸುಮಾರು 40 ಸಾವಿರ ರೂಪಾಯಿ ಖರ್ಚಾಗಿತ್ತು.

ಈಗ 30 ನಿಮಿಷಕ್ಕೇ ನಿಲ್ಲಿಸಿ ಶಿಲೀಂಧ್ರದ ಗೋಡೆಗೆ ಅಂಟುವ ಕ್ಯಾಲ್ಕೋಫ್ಲೋರ್ ಬಣ್ಣ ಹಾಕುತ್ತೇನೆ. ಅದು ಜೀವಂತ ನ್ಯೂಟ್ರೋಫಿಲ್ ಒಳಗೆ ಹೋಗಲ್ಲ. ಹೊರಗುಳಿದ ಕ್ಯಾಂಡಿಡಾ ನೀಲಿಯಾಗಿ ಹೊಳೆಯುತ್ತದೆ, ನುಂಗಿದ್ದು ಹೊಳೆಯಲ್ಲ. ಇನ್ನೂರು ಕೋಶ ಎಣಿಸಿದರೆ ಸಾಕು. ಬಣ್ಣ ಎಷ್ಟು ತೆಳು ಮಾಡಬೇಕು, ಯಾವ ಹೊತ್ತಿಗೆ ಹಾಕಬೇಕು ಅನ್ನುವುದನ್ನು ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ. ಮೂರು ದಾನಿಗಳ ರಕ್ತದಲ್ಲೂ ಲೆಕ್ಕ ಹತ್ತಿರ ಹತ್ತಿರ ಬಂತು. ನುಂಗಿದ್ದು ನೂರಕ್ಕೆ ಎಪ್ಪತ್ತರ ಆಸುಪಾಸು.

ಸುಮ್ನೆ ಒಂದು ದಿನ ಸೀರಮ್ಮನ್ನು 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ನೋಡಿದೆ. ನುಂಗಲು ಶಿಲೀಂಧ್ರಕ್ಕೆ ಗುರುತು ಹಚ್ಚುವ ಸೀರಮ್ ಪ್ರೋಟೀನುಗಳ ಗುಂಪು, ಅಂದರೆ ಕಾಂಪ್ಲಿಮೆಂಟ್, ಸತ್ತಿತು, ನುಂಗುವುದು ಮೂವತ್ತಕ್ಕೆ ಇಳಿಯಿತು. ಇನ್ನೊಂದು ದಿನ ಬೇಕಂತಲೇ ಎಳೆ ಬೆಳೆಯಲು ಬಿಟ್ಟೆ. ಉದ್ದದ ಎಳೆಯನ್ನು ನುಂಗಲಾಗದೆ ನಾಲ್ಕು ನ್ಯೂಟ್ರೋಫಿಲ್‌ಗಳು ಅದರ ಮೈಗೆ ಸಾಲಾಗಿ ಅಂಟಿಕೊಂಡು ಚಪ್ಪಟೆಯಾದವು. ಒಂದು ಅಲ್ಲೇ ಒಡೆದು ತನ್ನ ಡಿಎನ್‌ಎಯನ್ನೇ ಬಲೆಯಂತೆ ಚೆಲ್ಲಿತು. 2004ರಲ್ಲಿ ಬರ್ಲಿನ್ನಿನವರು ಮೊದಲು ವಿವರಿಸಿದ ಆ ಬಲೆಯನ್ನು ಕಣ್ಣಾರೆ ನೋಡಿ ರಾತ್ರಿ ಹತ್ತರವರೆಗೆ ಮನೆಗೆ ಹೋಗಲಿಲ್ಲ.

ಮುಂದೆ ರೈಜೋಪಸ್, ಬ್ಲ್ಯಾಕ್ ಫಂಗಸ್ ಕಾಯಿಲೆ ತರುವ ಶಿಲೀಂಧ್ರ. 2021ರಲ್ಲಿ ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಎರಡೂ ಸೇರಿ ಎಷ್ಟು ಜನರ ಕಣ್ಣು ಹೋಯಿತು ಅಂತ ನೋಡಿದ್ದೇವೆ. ಸಕ್ಕರೆ, ಸ್ಟೀರಾಯ್ಡ್ ಎರಡನ್ನೂ ಕೋಶಗಳಿರುವ ಮೀಡಿಯಂನಲ್ಲಿ ಸೇರಿಸಿ ಇದೇ ಎಣಿಕೆ ಮಾಡಬೇಕು. ಎಥಿಕ್ಸ್ ಕಮಿಟಿಗೆ ಅರ್ಜಿ ಹೋಗಿದೆ.