ಅಡಾಪ್ಟರ್ ಒಂದಿದ್ದರೆ ಸಾಲದು: ಟೆಸ್ಲಾ ಅಲ್ಲದ ಕಾರನ್ನು ಸೂಪರ್‌ಚಾರ್ಜರ್‌ನಲ್ಲಿ ಚಾರ್ಜ್ ಮಾಡುವ ಬಗೆ

ಅಮೆರಿಕದಲ್ಲಿ ಫೋರ್ಡ್, ಷೆವಿ, ಹ್ಯುಂಡೈ, ಕಿಯಾ, ರಿವಿಯನ್ ಎಲೆಕ್ಟ್ರಿಕ್ ಕಾರು ಓಡಿಸುವ ಕನ್ನಡದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಆನ್‌ಲೈನ್‌ನಲ್ಲಿ ಒಂದು ಅಡಾಪ್ಟರ್ ಸಿಗುತ್ತಿದೆ, ತಗೊಂಡರೆ ಬೇರೆ ಬಗೆಯ ಪ್ಲಗ್ ಇರುವ ಟೆಸ್ಲಾ ಸೂಪರ್‌ಚಾರ್ಜರ್‌ನಲ್ಲಿ, ಅಂದರೆ ಟೆಸ್ಲಾದ ವೇಗದ ಚಾರ್ಜಿಂಗ್ ಸ್ಟೇಷನ್ನಿನಲ್ಲಿ, ನಮ್ಮ ಕಾರೂ ಚಾರ್ಜ್ ಆಗುತ್ತಾ? ಆಗುತ್ತದೆ, ಆದರೆ ಅಡಾಪ್ಟರ್ ಕೊಳ್ಳುವ ಮೊದಲು ಮೂರು ವಿಷಯ ನೋಡಿಕೊಳ್ಳಬೇಕು. ನಿಮ್ಮ ಕಾರಿನ ಕಂಪನಿಗೆ ಟೆಸ್ಲಾ ಒಪ್ಪಿಗೆ ಕೊಟ್ಟಿರಬೇಕು. ಹೋಗುವ ಸ್ಟೇಷನ್ ಹೊಸ ಪೀಳಿಗೆಯದಾಗಿರಬೇಕು. ಕೇಬಲ್ ನಿಮ್ಮ ಕಾರಿನ ಪೋರ್ಟಿಗೆ ಎಟುಕಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಕೈಯಲ್ಲಿರುವ 200 ಡಾಲರಿನ ಅಡಾಪ್ಟರ್ ಸುಮ್ನೆ ಭಾರ.

ಹಿನ್ನೆಲೆ ಚಿಕ್ಕದು. ಟೆಸ್ಲಾ ತನ್ನ ಪ್ಲಗ್ಗಿನ ವಿನ್ಯಾಸವನ್ನು 2022ರ ನವೆಂಬರ್‌ನಲ್ಲಿ ಎನ್‌ಎಸಿಎಸ್ ಅಂತ ಹೆಸರಿಟ್ಟು ಎಲ್ಲರಿಗೂ ತೆರೆದಿಟ್ಟಿತು. 2023ರ ಮೇನಲ್ಲಿ ಫೋರ್ಡ್, ಮರುತಿಂಗಳು ಷೆವಿ ತಯಾರಿಸುವ ಜಿಎಂ ಮತ್ತು ರಿವಿಯನ್ ಒಪ್ಪಿಕೊಂಡವು, ಆಮೇಲೆ ಉಳಿದವರೂ ಸಾಲಾಗಿ ಬಂದರು. ಆದರೆ ಒಪ್ಪಂದ ಆದ ದಿನವೇ ಚಾರ್ಜರ್ ಸಿಗಲಿಲ್ಲ. ಫೋರ್ಡ್‌ಗೆ ಸಿಕ್ಕಿದ್ದು 2024ರ ಫೆಬ್ರವರಿ ಕೊನೆಗೆ, ರಿವಿಯನ್‌ಗೆ ಮಾರ್ಚ್‌ನಲ್ಲಿ, ಜಿಎಂಗೆ ಸೆಪ್ಟೆಂಬರ್‌ನಲ್ಲಿ, ಹ್ಯುಂಡೈ ಮತ್ತು ಕಿಯಾಗೆ 2025ರಲ್ಲಿ. ಯಾಕೆಂದರೆ ಕೇಬಲ್ ಸಿಕ್ಕಿಸಿದ ಮೇಲೆ ಕಾರು ಮತ್ತು ಚಾರ್ಜರ್ ಮಾತಾಡಿಕೊಳ್ಳಬೇಕು, ಈ ಕಾರು ಯಾವ ಕಂಪನಿಯದು, ದುಡ್ಡು ಯಾರ ಕಾರ್ಡಿನಿಂದ ಅಂತೆಲ್ಲ ಗೊತ್ತಾಗಬೇಕು. ಆ ಮಾತುಕತೆ ಸಾಫ್ಟ್‌ವೇರ್‌ನದು. ಅಡಾಪ್ಟರ್ ಅದನ್ನು ಮಾಡಿಕೊಡುವುದಿಲ್ಲ, ಅದು ಬರೀ ತಾಮ್ರ ಮತ್ತು ಪ್ಲಾಸ್ಟಿಕ್.

ಹಾಗಾಗಿ ಮೊದಲ ಕೆಲಸ: ಟೆಸ್ಲಾ ಆ್ಯಪ್ ಇಳಿಸಿಕೊಂಡು ಅದರಲ್ಲಿ ನಿಮ್ಮ ಕಾರಿನ ಕಂಪನಿ, ಮಾಡೆಲ್ ಸೇರಿಸಿ. ಟೆಸ್ಲಾ ಕಾರು ಇಲ್ಲದಿದ್ದರೂ ಖಾತೆ ತೆರೆಯಬಹುದು. ಕಾರು ಸೇರಿಸಿದ ಮೇಲೆ ಮ್ಯಾಪಿನಲ್ಲಿ ನಿಮಗೆ ನಡೆಯುವ ಸ್ಟೇಷನ್‌ಗಳು ಕಾಣುತ್ತವೆ. ನಿಮ್ಮ ಕಂಪನಿ ಪಟ್ಟಿಯಲ್ಲೇ ಇಲ್ಲ ಅಂದರೆ ಅಡಾಪ್ಟರ್ ಆಸೆ ಸದ್ಯಕ್ಕೆ ಬಿಡಿ. ಹಳೆಯ ನಿಸಾನ್ ಲೀಫ್ ಇದ್ದರೂ ಅಷ್ಟೇ, ಅದರದ್ದು ಚಾಡೆಮೋ ಅನ್ನುವ ಬೇರೆಯೇ ಬಗೆಯ ಪೋರ್ಟ್, ಈ ಲೆಕ್ಕಕ್ಕೇ ಬರುವುದಿಲ್ಲ.

ಎಲ್ಲಾ ಸೂಪರ್‌ಚಾರ್ಜರ್ ಒಂದೇ ಅಲ್ಲ

150 ಕಿಲೋವ್ಯಾಟಿನ ಹಳೆಯ ವಿ2 ಸ್ಟೇಷನ್‌ಗಳು ಬೇರೆ ಕಾರುಗಳ ಜೊತೆ ಮಾತೇ ಆಡುವುದಿಲ್ಲ, ಅವಕ್ಕೆ ಟೆಸ್ಲಾದ ಸ್ವಂತ ಭಾಷೆ ಮಾತ್ರ ಗೊತ್ತು. 250 ಕಿಲೋವ್ಯಾಟಿನ ವಿ3 ಮತ್ತು ಅದಕ್ಕಿಂತ ಹೊಸ ವಿ4 ಬೇಕು. ಹೆದ್ದಾರಿ ಪಕ್ಕದ ಕೆಲವು ಸ್ಟೇಷನ್‌ಗಳಲ್ಲಿ ಹಳೆಯದು ಹೊಸದು ಎರಡೂ ಒಂದೇ ಜಾಗದಲ್ಲಿ ಇರಬಹುದು, ಅಂಥಲ್ಲಿ ಯಾವ ಕಂಬಗಳು ನಿಮಗೆ ಅಂತ ಆ್ಯಪ್ ನೋಡಿಯೇ ನಿಲ್ಲಿಸಿ. ನಿಮ್ಮ ಕಾರಿನ ಸ್ಕ್ರೀನಿನ ಮ್ಯಾಪ್, ಚಾರ್ಜರ್ ಹುಡುಕುವ ಪ್ಲಗ್‌ಶೇರ್ ಆ್ಯಪ್, ಟೆಸ್ಲಾ ಆ್ಯಪ್ ಮೂರೂ ಒಂದೇ ಹೇಳದಿದ್ದರೆ ಟೆಸ್ಲಾ ಆ್ಯಪ್ ಹೇಳಿದ್ದೇ ಕೊನೆಯ ಮಾತು.

ಇನ್ನೊಂದು ಬಗೆ ಇದೆ, ಮ್ಯಾಜಿಕ್ ಡಾಕ್. ಅಡಾಪ್ಟರ್ ಚಾರ್ಜರ್ ಕಂಬದಲ್ಲೇ ಇರುತ್ತದೆ, ಆ್ಯಪ್‌ನಲ್ಲಿ ಒತ್ತಿದರೆ ಹ್ಯಾಂಡಲ್ ಜೊತೆಗೇ ಕಳಚಿಕೊಂಡು ಬರುತ್ತದೆ. ಸಿಸಿಎಸ್ ಪೋರ್ಟ್ (ಟೆಸ್ಲಾ ಅಲ್ಲದ ಹೆಚ್ಚಿನ ಕಾರುಗಳ ವೇಗದ ಚಾರ್ಜಿಂಗ್ ಪೋರ್ಟ್) ಇರುವ ಕಾರಿಗೆ ಇಲ್ಲಿ ಕಂಪನಿಯ ಒಪ್ಪಂದವೂ ಬೇಡ, ನಿಮ್ಮ ಸ್ವಂತ ಅಡಾಪ್ಟರೂ ಬೇಡ. ದುಡ್ಡು ಖರ್ಚು ಮಾಡದೆ ಒಮ್ಮೆ ಪರೀಕ್ಷೆ ಮಾಡಿ ನೋಡೋಣ ಅನ್ನುವವರಿಗೆ ಇದೇ ಸರಿ. ಆದರೆ ಇಂಥ ಸ್ಟೇಷನ್‌ಗಳು ಕಡಿಮೆ.

ಯಾವ ಅಡಾಪ್ಟರ್

ಇಲ್ಲಿ ಜನ ಎಡವುತ್ತಾರೆ. ಮಾರ್ಕೆಟ್ಟಿನಲ್ಲಿ ಎರಡು ಬಗೆಯ ‘ಟೆಸ್ಲಾ ಅಡಾಪ್ಟರ್’ ಸಿಗುತ್ತವೆ. 50 ಡಾಲರಿನ ಆಸುಪಾಸಿನಲ್ಲಿ ಸಿಗುವ ಚಿಕ್ಕದು ಎಸಿ ಚಾರ್ಜಿಂಗ್‌ಗೆ, ಅಂದರೆ ಹೋಟೆಲ್ ಪಾರ್ಕಿಂಗಿನಲ್ಲಿ ಗೋಡೆಗೆ ಹಾಕಿರುವ ನಿಧಾನದ ಚಾರ್ಜರಿಗೆ. ಅದನ್ನು ಸೂಪರ್‌ಚಾರ್ಜರಿಗೆ ಹಾಕಲೇಬಾರದು. ನಿಮಗೆ ಬೇಕಾದ್ದು ಡಿಸಿ ಫಾಸ್ಟ್ ಚಾರ್ಜಿಂಗ್ ಅಡಾಪ್ಟರ್. ಗುರುತು ಹಿಡಿಯುವುದು ಸುಲಭ: ಕಾರಿಗೆ ಸಿಕ್ಕಿಸುವ ಬದಿಯನ್ನು ನೋಡಿ. ಮೇಲೆ ದುಂಡಗಿನ ಭಾಗ, ಅದರ ಕೆಳಗೆ ಎರಡು ದಪ್ಪ ಪಿನ್ ಇದ್ದರೆ ಅದು ಡಿಸಿಯದು. ಮೇಲಿನ ದುಂಡಗಿನ ಭಾಗದಲ್ಲಿ ಐದು ಪಿನ್ ಇರಬೇಕಾದ ಕಡೆ ಮೂರೇ ಇದ್ದರೆ ಗಾಬರಿ ಬೇಡ. ಎಸಿ ಪಿನ್‌ಗಳ ಅಗತ್ಯವೇ ಇಲ್ಲದ್ದರಿಂದ ಬಿಟ್ಟಿರುತ್ತಾರೆ. ಬರೀ ದುಂಡಗಿನ ಭಾಗ ಮಾತ್ರ ಇದ್ದರೆ ಅದು ಎಸಿ. ಕೈಗೆ ತಗೊಂಡರೂ ಗೊತ್ತಾಗುತ್ತದೆ, ಡಿಸಿ ಅಡಾಪ್ಟರ್ ಒಂದು ಸಣ್ಣ ತಂಬಿಗೆಯಷ್ಟು ದಪ್ಪ, ತೂಕವೂ ಹಾಗೇ.

ಕಾರಿನ ಕಂಪನಿಯೇ ಕೊಡುವ ಅಡಾಪ್ಟರ್ ಸಿಕ್ಕರೆ ಅದನ್ನೇ ತಗೊಳ್ಳಿ. ಜಿಎಂ ತನ್ನದನ್ನು 225 ಡಾಲರಿಗೆ ಮಾರಲು ಶುರು ಮಾಡಿತು, ಬೇರೆಯವರದ್ದೂ ಅದರ ಆಸುಪಾಸಿನಲ್ಲೇ ಇರುತ್ತದೆ. ಹ್ಯುಂಡೈ, ಕಿಯಾ, ಫೋರ್ಡ್ ಕೆಲವು ಗ್ರಾಹಕರಿಗೆ ಪುಕ್ಕಟೆ ಕೊಟ್ಟಿದ್ದೂ ಇದೆ, ಆದ್ದರಿಂದ ದುಡ್ಡು ಕೊಡುವ ಮೊದಲು ಕಂಪನಿಯ ಆ್ಯಪ್‌ನಲ್ಲಿ ನಿಮ್ಮ ಕಾರಿನ ವಿನ್, ಅಂದರೆ ಗುರುತಿನ ನಂಬರ್ ಹಾಕಿ ನೋಡಿ. ಹೊರಗಿನ ಬ್ರ್ಯಾಂಡ್‌ಗಳೂ ಇವೆ, ಲೆಕ್ಟ್ರಾನ್, ಎ2ಝಡ್ ಅಂತ. ಅವನ್ನು ತಗೊಂಡರೆ ಯುಎಲ್ 2252 ಅನ್ನುವ ಸುರಕ್ಷತೆಯ ಪ್ರಮಾಣಪತ್ರ ಇದೆಯಾ ಅಂತ ನೋಡಿ, ಮೈಮೇಲೆ ಎಷ್ಟು ಆಂಪ್, ಎಷ್ಟು ವೋಲ್ಟ್ ಅಂತ ಬರೆದಿರುವುದನ್ನೂ ಓದಿ. ಕಾರಿನ ಕಂಪನಿಗಳು ಹೊರಗಿನ ಅಡಾಪ್ಟರ್ ಬಳಸಬೇಡಿ ಅನ್ನುತ್ತವೆ, ವಾರಂಟಿ ತಕರಾರು ಬಂದರೆ ನಿಮ್ಮ ಪರವಾಗಿ ಯಾರೂ ನಿಲ್ಲುವುದಿಲ್ಲ. ನೂರಾರು ಆಂಪ್ ಹರಿಯುವ ಜಾಗ ಅದು. ಒಳಗಿನ ಸಂಪರ್ಕ ಸ್ವಲ್ಪ ಸಡಿಲ ಇದ್ದರೂ ಬಿಸಿಯಾಗುತ್ತದೆ. ಒಳ್ಳೆಯ ಅಡಾಪ್ಟರಿನಲ್ಲಿ ಬಿಸಿ ಅಳೆಯುವ ಸೆನ್ಸರ್ ಇರುತ್ತದೆ, ಅಗ್ಗದ್ದರಲ್ಲಿ ಇರುತ್ತದೆ ಅನ್ನುವ ಭರವಸೆ ಇಲ್ಲ. ದೊಡ್ಡ ಕಂಪನಿಯದ್ದೂ ಕೈಕೊಡುವುದುಂಟು: 2024ರ ಅಕ್ಟೋಬರ್‌ನಲ್ಲಿ ಫೋರ್ಡ್ ತಾನು ಕೊಟ್ಟ ಕೆಲವು ಅಡಾಪ್ಟರ್‌ಗಳನ್ನು ಬಳಸಬೇಡಿ, ಕಾರಿನ ಪೋರ್ಟ್ ಹಾಳಾಗಬಹುದು ಅಂತ ಹೇಳಿ ಬದಲಿಗೆ ಬೇರೆ ಕಳಿಸಿತು. ಸೆಕೆಂಡ್‌ಹ್ಯಾಂಡ್ ಫೋರ್ಡ್ ಅಡಾಪ್ಟರ್ ಯಾರಾದರೂ ಕಡಿಮೆಗೆ ಕೊಡುತ್ತೇನೆ ಅಂದರೆ ಇದನ್ನು ನೆನಪಿಟ್ಟುಕೊಳ್ಳಿ.

ಎಕ್ಸ್‌ಟೆನ್ಷನ್ ಕೇಬಲ್ ಮಾತ್ರ ಬೇಡವೇ ಬೇಡ. ಅಡಾಪ್ಟರ್ ಮೇಲೆ ಅಡಾಪ್ಟರ್ ಹಾಕುವುದೂ ಬೇಡ.

ಎಲ್ಲಿ ನಿಲ್ಲಿಸುವುದು

ಇದರ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ, ಆದರೆ ಸ್ಟೇಷನ್‌ನಲ್ಲಿ ಜಗಳ ಆಗುವುದು ಇದಕ್ಕೇ. ಟೆಸ್ಲಾದ ಪೋರ್ಟ್ ಹಿಂದೆ ಎಡಗಡೆ ಇದೆ. ವಿ3 ಕೇಬಲ್ ಅದಕ್ಕೆ ಎಟುಕುವಷ್ಟೇ ಉದ್ದ. ನಿಮ್ಮ ಪೋರ್ಟ್ ಹಿಂದೆ ಎಡಕ್ಕಿದ್ದರೆ ಟೆಸ್ಲಾದವರ ಹಾಗೆ ರಿವರ್ಸ್ ಹಾಕಿ, ಮುಂದೆ ಬಲಕ್ಕಿದ್ದರೆ ನೇರವಾಗಿ ನುಗ್ಗಿಸಿ, ಎರಡೂ ಸಂದರ್ಭದಲ್ಲಿ ನಿಮ್ಮ ಜಾಗದ ಕಂಬವೇ ಸಾಕು. ತೊಂದರೆ ಇರುವುದು ಉಳಿದವರಿಗೆ. ಮಸ್ಟಾಂಗ್ ಮಾಕ್-ಈ, ಎಫ್-150 ಲೈಟ್ನಿಂಗ್, ಷೆವಿ ಬೋಲ್ಟ್, ರಿವಿಯನ್ ಆರ್1 ಇವುಗಳ ಪೋರ್ಟ್ ಮುಂದೆ ಎಡಕ್ಕೆ. ಐಯಾನಿಕ್ 5, ಇವಿ6 ಇವುಗಳದ್ದು ಹಿಂದೆ ಬಲಕ್ಕೆ. ಇವೆಲ್ಲ ಪಕ್ಕದ ಜಾಗದ ಕಂಬದಿಂದಲೇ ಕೇಬಲ್ ಎಳೆಯಬೇಕು. ಅಂದರೆ ನಿಂತಿರುವುದು ಒಂದು ಜಾಗ, ಹಿಡಿದಿರುವುದು ಎರಡು.

ಇದಕ್ಕೆ ಒಂದೆರಡು ಉಪಾಯ ಇದೆ. ಕಂಬಗಳ ಕಡೆ ಮುಖ ಮಾಡಿ ನಿಂತರೆ ಸಾಮಾನ್ಯವಾಗಿ ಪ್ರತಿ ಜಾಗದ ಕಂಬ ಅದರ ಬಲಬದಿಯಲ್ಲಿರುತ್ತದೆ. ಹಾಗಾಗಿ ಸಾಲಿನ ಬಲತುದಿಯ ಆಚೆ ಸಾಮಾನ್ಯ ಪಾರ್ಕಿಂಗ್ ಜಾಗ ಖಾಲಿ ಇದ್ದರೆ ಅಲ್ಲಿ ನಿಲ್ಲಿಸಿ ಕೊನೆಯ ಕಂಬ ಬಳಸಿ, ಬೇರೆ ಯಾರದ್ದೂ ಕಂಬ ಹೋಗುವುದಿಲ್ಲ. ಅದಿಲ್ಲ, ಆದರೆ ನಿಮ್ಮಂಥದ್ದೇ ಪೋರ್ಟಿನ ಕಾರು ಆಗಲೇ ನಿಂತಿದೆ ಅಂದರೆ ಅದರ ಬಲಕ್ಕೇ ನಿಲ್ಲಿಸಿ, ಅದು ಬಿಟ್ಟ ಕಂಬ ನಿಮಗೆ ಸಿಗುತ್ತದೆ. ಐದು ಕಾರು ಹೀಗೆ ಒಂದರ ಪಕ್ಕ ಒಂದು ನಿಂತರೂ ವ್ಯರ್ಥವಾಗುವುದು ಒಂದೇ ಕಂಬ, ಚೆಲ್ಲಾಪಿಲ್ಲಿ ನಿಂತರೆ ಐದು. ವಿ4 ಕಂಬಗಳ ಕೇಬಲ್ ಉದ್ದ, ಅಲ್ಲಿ ಈ ಸರ್ಕಸ್ ಬೇಕಾಗಿಲ್ಲ. ಬೇ ಏರಿಯಾದಿಂದ ಲಾಸ್ ಏಂಜಲೀಸಿಗೆ ಐ-5ರಲ್ಲಿ ಹೋಗುವವರು ಲಾಸ್ಟ್ ಹಿಲ್ಸ್‌ನ ಸೋಲಾರ್ ಸ್ಟೇಷನ್ ನೆನಪಿಡಿ, 160ಕ್ಕೂ ಹೆಚ್ಚು ಜಾಗ, 2025ರಲ್ಲಿ ತೆರೆದಿದ್ದು. ಲಾಂಗ್ ವೀಕೆಂಡ್‌ನಲ್ಲಿ ಮಾಲಿಬು ದೇವಸ್ಥಾನಕ್ಕೆ ಹೊರಟ ಅರ್ಧ ಫ್ರೀಮಾಂಟ್ ಅಲ್ಲೇ ಸಿಗುತ್ತದೆ!

ಸಿಕ್ಕಿಸುವ ಕ್ರಮ

ಹೊರಡುವಾಗಲೇ ಕಾರಿನ ಸ್ವಂತ ಮ್ಯಾಪಿನಲ್ಲಿ ಆ ಚಾರ್ಜರನ್ನೇ ಗುರಿ ಹಾಕಿ. ಆಗ ಬಹಳಷ್ಟು ಕಾರುಗಳು ದಾರಿಯಲ್ಲೇ ಬ್ಯಾಟರಿ ಬೆಚ್ಚಗೆ ಮಾಡಿಕೊಳ್ಳುತ್ತವೆ. ಫೋನಿನ ಗೂಗಲ್ ಮ್ಯಾಪ್ ನೋಡಿಕೊಂಡು ಹೋದರೆ ಕಾರಿಗೆ ಅದು ಗೊತ್ತೇ ಆಗುವುದಿಲ್ಲ, ಷಿಕಾಗೋ ಚಳಿಯಲ್ಲಿ ಇದರ ವ್ಯತ್ಯಾಸ ಜೋರಾಗಿಯೇ ತಿಳಿಯುತ್ತದೆ.

ಸ್ಟೇಷನ್‌ನಲ್ಲಿ ಮೊದಲು ಟೆಸ್ಲಾ ಹ್ಯಾಂಡಲಿಗೆ ಅಡಾಪ್ಟರ್ ಹಾಕಿ, ಟಕ್ ಅನ್ನುವವರೆಗೆ ಒತ್ತಿ. ಆಮೇಲೆ ಎರಡನ್ನೂ ಒಟ್ಟಿಗೆ ಕಾರಿಗೆ ಸಿಕ್ಕಿಸಿ. ಫೋರ್ಡ್, ಜಿಎಂ, ರಿವಿಯನ್ ಕಾರುಗಳಲ್ಲಿ ಕಂಪನಿಯ ಖಾತೆಯಲ್ಲಿ ಕಾರ್ಡ್ ಮೊದಲೇ ಸೇರಿಸಿಟ್ಟರೆ ಅಲ್ಲಿಂದಲೇ ದುಡ್ಡು ಹೋಗುವ ಏರ್ಪಾಡಿದೆ. ಇಲ್ಲದಿದ್ದರೆ ಟೆಸ್ಲಾ ಆ್ಯಪ್ ತೆರೆದು, ಸ್ಟೇಷನ್ ಆರಿಸಿ, ಕಂಬದ ಮೇಲೆ ಬರೆದಿರುವ ನಂಬರ್ ನೋಡಿ ಒತ್ತಿ. ಪಕ್ಕದ ಕಂಬದಿಂದ ಕೇಬಲ್ ಎಳೆದವರು ನಿಂತ ಜಾಗದ ನಂಬರ್ ಒತ್ತಿಬಿಟ್ಟು ಚಾರ್ಜ್ ಆಗ್ತಿಲ್ಲ ಅಂತ ಪರದಾಡುವುದು ದಿನಾ ನಡೆಯುತ್ತದೆ. ಕೇಬಲ್ ಯಾವ ಕಂಬದ್ದೋ ಆ ನಂಬರ್.

ಶುರುವಾಗದಿದ್ದರೆ ಹ್ಯಾಂಡಲನ್ನು ಕೆಳಗಿನಿಂದ ಸ್ವಲ್ಪ ಎತ್ತಿ ಹಿಡಿದು ಇನ್ನೊಮ್ಮೆ ಪ್ರಯತ್ನಿಸಿ, ಕೇಬಲ್ ಭಾರಕ್ಕೆ ಅಡಾಪ್ಟರ್ ಜಗ್ಗಿ ಪಿನ್ ಸರಿಯಾಗಿ ಕೂತಿರುವುದಿಲ್ಲ. ಆದರೂ ಆಗದಿದ್ದರೆ ಬೇರೆ ಕಂಬಕ್ಕೆ ಹೋಗಿ, ಒಂದೇ ಕಡೆ ಗುದ್ದಾಡಬೇಡಿ.

ತೆಗೆಯುವಾಗ ಮೊದಲು ಚಾರ್ಜ್ ನಿಲ್ಲಿಸಿ, ಕಾರು ಅನ್‌ಲಾಕ್ ಮಾಡಿ, ಅಡಾಪ್ಟರಿನ ಲಿವರ್ ಒತ್ತಿ ಕಾರಿನಿಂದ ಹೊರಗೆಳೆಯಿರಿ. ಆಮೇಲೆ ಟೆಸ್ಲಾ ಹ್ಯಾಂಡಲಿನ ಬಟನ್ ಒತ್ತಿ ಅಡಾಪ್ಟರ್ ಬಿಡಿಸಿ. ಉಲ್ಟಾ ಮಾಡಬೇಡಿ. ಹ್ಯಾಂಡಲ್ ಕಂಬದಲ್ಲಿ ಇಟ್ಟು ಹೊರಡುವಾಗ ಅಡಾಪ್ಟರ್ ಅದಕ್ಕೇ ಅಂಟಿಕೊಂಡಿದೆಯಾ ಅಂತ ಕಣ್ಣು ಹಾಯಿಸಿ. ಸ್ಟೇಷನ್‌ನಲ್ಲೇ ಮರೆತು ಹೋದ ಅಡಾಪ್ಟರ್ ಮತ್ತೆ ಸಿಗುವ ವಸ್ತು ಅಲ್ಲ.

ವೇಗ ಮತ್ತು ದುಡ್ಡು

250 ಕಿಲೋವ್ಯಾಟ್ ಅಂತ ಬರೆದಿದ್ದರೂ ಅಷ್ಟು ನಿಮಗೆ ಸಿಗುತ್ತದೆ ಅಂದುಕೊಳ್ಳಬೇಡಿ. ವಿ3 ಕೊಡುವುದು ಹೆಚ್ಚೆಂದರೆ 500 ವೋಲ್ಟ್. ಐಯಾನಿಕ್ 5, ಇವಿ6 ಥರದ ಕಾರುಗಳ ಬ್ಯಾಟರಿ 800 ವೋಲ್ಟಿನ ವರ್ಗದ್ದು, ಅವು ಬಂದ ಕರೆಂಟಿನ ವೋಲ್ಟೇಜನ್ನು ಒಳಗೇ ಏರಿಸಿಕೊಳ್ಳಬೇಕು, ಅದರಲ್ಲಿ ವೇಗ ಅರ್ಧಕ್ಕೆ ಬೀಳುತ್ತದೆ. 350 ಕಿಲೋವ್ಯಾಟಿನ ಸಿಸಿಎಸ್ ಚಾರ್ಜರಿನಲ್ಲಿ ಐಯಾನಿಕ್ 5 ಶೇ 10ರಿಂದ 80ಕ್ಕೆ ಸುಮಾರು 20 ನಿಮಿಷದಲ್ಲಿ ಏರಿದರೆ ಇಲ್ಲಿ ಅರ್ಧ ಗಂಟೆ. ಲೂಸಿಡ್ ಏರ್‌ಗಂತೂ 50 ಕಿಲೋವ್ಯಾಟ್ ಅಷ್ಟೇ. ನನ್ನ ಮಾತು ಕೇಳುವುದಾದರೆ, ಇಂಥ ಕಾರಿದ್ದವರು ಪಕ್ಕದಲ್ಲಿ ಕೆಲಸ ಮಾಡುತ್ತಿರುವ 350ರ ಚಾರ್ಜರ್ ಇದ್ದರೆ ಅಲ್ಲಿಗೇ ಹೋಗಿ, ಸೂಪರ್‌ಚಾರ್ಜರ್ ಆಪತ್ಕಾಲಕ್ಕೆ ಇರಲಿ. ಮಾಕ್-ಈ, ರಿವಿಯನ್ ಇದ್ದವರಿಗೆ ಈ ಚಿಂತೆ ಇಲ್ಲ. ಹಳೆಯ ಬೋಲ್ಟ್ ಎಲ್ಲಿ ಹಾಕಿದರೂ 55 ಕಿಲೋವ್ಯಾಟ್ ದಾಟುವುದಿಲ್ಲ, ಗಂಟೆಗೂ ಮೇಲೆ ಎರಡು ಜಾಗ ಹಿಡಿದು ಕೂರಬೇಕಾಗುತ್ತದೆ, ಆದ್ದರಿಂದ ಜನ ಕಡಿಮೆ ಇರುವ ಹೊತ್ತು ನೋಡಿಕೊಂಡರೆ ಒಳ್ಳೆಯದು.

ಟೆಸ್ಲಾ ಅಲ್ಲದವರಿಗೆ ಯೂನಿಟ್ ದರ ಜಾಸ್ತಿ. ತಿಂಗಳಿಗೆ 13 ಡಾಲರಿನ ಆಸುಪಾಸಿನ ಸದಸ್ಯತ್ವ ತಗೊಂಡರೆ ಟೆಸ್ಲಾದವರ ದರವೇ ಸಿಗುತ್ತದೆ. ಆ್ಯಪ್ ಎರಡೂ ದರ ತೋರಿಸುತ್ತದೆ, ವ್ಯತ್ಯಾಸ ಯೂನಿಟ್ಟಿಗೆ 13 ಸೆಂಟ್ ಇದ್ದರೆ ನೂರು ಯೂನಿಟ್ಟಿಗೆ ಸದಸ್ಯತ್ವದ ದುಡ್ಡು ವಾಪಸ್, ಅಂದರೆ ಒಂದು ದೂರದ ಪ್ರಯಾಣಕ್ಕೇ. ಪ್ರಯಾಣ ಇರುವ ತಿಂಗಳು ಮಾತ್ರ ತಗೊಂಡು ಆಮೇಲೆ ರದ್ದು ಮಾಡಿ. ಚಾರ್ಜ್ ಮುಗಿದ ಮೇಲೂ ಕಾರು ಅಲ್ಲೇ ಬಿಟ್ಟರೆ, ಸ್ಟೇಷನ್ ಪೂರ್ತಿ ತುಂಬಿದ್ದಾಗ ನಿಮಿಷಕ್ಕೆ ಒಂದು ಡಾಲರ್‌ವರೆಗೂ ದಂಡ ಬೀಳುತ್ತದೆ, ಹಾಗಾಗಿ ಊಟಕ್ಕೆ ಕೂತಾಗ ಫೋನ್ ಕಣ್ಣೆದುರೇ ಇರಲಿ.

ಊರಿಗೆ ಬಂದಾಗ ಈ ಅಡಾಪ್ಟರ್ ತರುವ ಯೋಚನೆ ಮಾಡಬೇಡಿ. ಬೆಂಗಳೂರಿನಲ್ಲಿ ಈಗಿನ ಎಲೆಕ್ಟ್ರಿಕ್ ಕಾರುಗಳೆಲ್ಲ ಹೆಚ್ಚುಕಡಿಮೆ ಸಿಸಿಎಸ್2 (ಅಮೆರಿಕದ ಸಿಸಿಎಸ್‌ಗಿಂತ ಬೇರೆ ಆಕಾರದ ಪ್ಲಗ್), ಮುಂಬೈಗೆ ಬಂದ ಟೆಸ್ಲಾ ಕೂಡ ಅದೇ, ಅಲ್ಲಿಯ ತಲೆನೋವು ಪ್ಲಗ್ಗಿನದ್ದಲ್ಲ, ಫೋನಿನಲ್ಲಿ ತುಂಬಿಕೊಳ್ಳುವ ಹತ್ತಾರು ಆ್ಯಪ್‌ಗಳದ್ದು.

ಇನ್ನು ಟೆಸ್ಲಾ ಇದ್ದವರು ಉಲ್ಟಾ ದಾರಿಯಲ್ಲಿ, ಅಂದರೆ ಎಲೆಕ್ಟ್ರಿಫೈ ಅಮೆರಿಕ, ಇವಿಗೋ ಥರದ ಸಿಸಿಎಸ್ ಸ್ಟೇಷನ್‌ಗಳಿಗೆ ಹೋಗಬೇಕಾದರೆ ಬೇರೆಯೇ ಅಡಾಪ್ಟರ್ ಬೇಕು, ಅದನ್ನು ಟೆಸ್ಲಾವೇ ಮಾರುತ್ತದೆ. ಕಾರಿನ ಸ್ಕ್ರೀನಿನಲ್ಲಿ ಸಾಫ್ಟ್‌ವೇರ್ ಪುಟ, ಅದರಲ್ಲಿ ವಾಹನದ ಹೆಚ್ಚಿನ ಮಾಹಿತಿ ಅನ್ನುವ ಕಡೆ ಹೋದರೆ ಸಿಸಿಎಸ್ ಅಡಾಪ್ಟರ್ ನಡೆಯುತ್ತದೋ ಇಲ್ಲವೋ ಅಂತ ಬರೆದಿರುತ್ತದೆ. ಹಳೆಯ ಕಾರುಗಳಲ್ಲಿ ಇಲ್ಲ ಅಂತ ಬಂದರೆ ಸರ್ವೀಸ್ ಸೆಂಟರಿನಲ್ಲಿ ಒಂದು ಬಿಡಿಭಾಗ ಬದಲಿಸಿಕೊಳ್ಳಬೇಕು, ಅಡಾಪ್ಟರನ್ನು ಅದಾದ ಮೇಲೆ ಕೊಳ್ಳಿ.